ಸಾವಿರ ಮೀನು ಒಟ್ಟಿಗೆ ತಿರುಗುವುದು ಹೇಗೆ? ಕಡಲಿಲ್ಲದ ಹೈದರಾಬಾದ್‌ಗೂ ಹವಳದ ಮೀನಿಗೂ ಏನು ನಂಟು?

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಿದವರನ್ನು ಕೇಳಿ. ಹೆಚ್ಚಿನವರು ಮೊದಲು ಹೇಳುವುದು ಮೀನಿನ ಹಿಂಡಿನ ಬಗ್ಗೆ. ನೂರಾರು ಮೀನುಗಳು ಒಂದೇ ದೇಹದಂತೆ ಸಾಗುತ್ತವೆ, ಕ್ಷಣದಲ್ಲಿ ದಿಕ್ಕು ಬದಲಿಸುತ್ತವೆ. ಆದರೆ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ!

ನಾಯಕನೇ ಇಲ್ಲದ ಹಿಂಡು

ಈ ಹಿಂಡಿಗೆ ನಾಯಕ ಇರುವುದಿಲ್ಲ. ಪ್ರತಿ ಮೀನೂ ತನ್ನ ಅಕ್ಕಪಕ್ಕದವರನ್ನಷ್ಟೇ ಅನುಸರಿಸುತ್ತದೆ. ಇದಕ್ಕೆ ಕಣ್ಣಿನ ಜೊತೆ ನೆರವಾಗುವುದು ದೇಹದ ಎರಡೂ ಬದಿಯಲ್ಲಿರುವ 'ಪಾರ್ಶ್ವ ರೇಖೆ' ಎಂಬ ಅಂಗ. ಇದು ನೀರಿನ ಸಣ್ಣ ಕದಲಿಕೆಯನ್ನೂ ಗ್ರಹಿಸುತ್ತದೆ. ಕಣ್ಣು ಮುಚ್ಚಿದ ಮೀನುಗಳೂ ಹಿಂಡಿನಲ್ಲಿ ಈಜಬಲ್ಲವು ಎಂದು 1976ರಲ್ಲೇ ಪ್ರಯೋಗವೊಂದು ತೋರಿಸಿತ್ತು.

ಗುಂಪಿನಿಂದ ಲಾಭವೇನು?

ಒಂಟಿ ಮೀನು ಸುಲಭದ ತುತ್ತು. ನೂರರ ನಡುವೆ ಇದ್ದರೆ ಬಲಿಯಾಗುವ ಸಾಧ್ಯತೆ ಕಡಿಮೆ. ಯಾವುದನ್ನು ಹಿಡಿಯಬೇಕೆಂದು ಬೇಟೆಗಾರ ಮೀನಿಗೂ ಗೊಂದಲವಾಗುತ್ತದೆ. ಆಹಾರಕ್ಕೂ ಗುಂಪು ಬೇಕು. ಪಾಚಿ ಬೆಳೆದ ಜಾಗವನ್ನು ಕಾಯುವ ಡ್ಯಾಮ್ಸೆಲ್ ಮೀನು ಒಂಟಿ ಸರ್ಜನ್ ಮೀನನ್ನು ಓಡಿಸುತ್ತದೆ; ದಂಡು ಕಟ್ಟಿ ಬಂದರೆ ಸೋಲುತ್ತದೆ. ನೀಲಿ ಪಟ್ಟೆಯ ಸ್ನ್ಯಾಪರ್ ಮೀನುಗಳು ಹಗಲಲ್ಲಿ ಹವಳದ ಬಳಿ ಒಟ್ಟಿಗಿದ್ದು, ರಾತ್ರಿ ಚದುರಿ ಆಹಾರ ಹುಡುಕುತ್ತವೆ.

ಹೈದರಾಬಾದ್‌ನ ಕಾವಲು

ಈ ಮೀನುಗಳಿಗೆ ಹವಳವೇ ಮನೆ. ಸಮುದ್ರದ ತಾಪಮಾನವು ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ಸುಮಾರು 1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ವಾರಗಟ್ಟಲೆ ಹಾಗೆಯೇ ಉಳಿದರೆ ಹವಳ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಗಿತ್ತು. ಬಿಸಿ ಬೇಗ ಇಳಿದರೆ ಹವಳ ಚೇತರಿಸಿಕೊಳ್ಳಬಹುದು. ಇಲ್ಲದಿದ್ದರೆ ಸಾಯುತ್ತದೆ, ಕ್ರಮೇಣ ಪುಡಿಯಾಗಿ, ಮೀನುಗಳ ಅಡಗುತಾಣವೂ ಇಲ್ಲವಾಗುತ್ತದೆ.

ಈ ಬಿಸಿಯ ಮೇಲೆ ಉಪಗ್ರಹ ಮಾಹಿತಿ ಬಳಸಿ ಕಣ್ಣಿಟ್ಟಿರುವುದು ಹೈದರಾಬಾದ್‌ನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯ್ಸ್). ಅಂಡಮಾನ್, ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿ ಮತ್ತು ಕಚ್ ಕೊಲ್ಲಿಯ ಹವಳಗಳಿಗೆ ಈ ಕೇಂದ್ರ ಮುನ್ನೆಚ್ಚರಿಕೆ ನೀಡುತ್ತದೆ. ಮೀನು ಸಿಗುವ ಸಾಧ್ಯತೆಯಿರುವ ಜಾಗಗಳ ಬಗ್ಗೆ ಕರಾವಳಿಯ ಮೀನುಗಾರರಿಗೆ ಸಲಹೆ ನೀಡುವುದೂ ಇದೇ ಕೇಂದ್ರ.

ಸಮುದ್ರದ ಬಿಸಿಯನ್ನು ತಗ್ಗಿಸುವುದು ಯಾವ ಕೇಂದ್ರದ ಕೈಯಲ್ಲೂ ಇಲ್ಲ. ಆದರೆ ಬಳಲಿದ ಹವಳಕ್ಕೆ ಇನ್ನಷ್ಟು ಪೆಟ್ಟು ಬೀಳದಂತೆ ನೋಡಿಕೊಳ್ಳಬಹುದು. ಹವಳದ ಮೇಲೆ ದೋಣಿಯ ಲಂಗರು ಹಾಕಬೇಡಿ, ಹವಳವನ್ನು ಮುಟ್ಟಬೇಡಿ, ಫೋಟೊಗಾಗಿ ಹಿಂಡನ್ನು ಬೆನ್ನಟ್ಟಬೇಡಿ. ಸುಮ್ಮನೆ ಒಂದೆಡೆ ನಿಂತರೆ ಹಿಂಡೇ ನಿಮ್ಮ ಹತ್ತಿರ ಬರಬಹುದು.