ವಿಚಾರಣೆಯನ್ನೇ ಬೇಡಿದ ಧರ್ಮಗುರು

2000ದ ಆಗಸ್ಟ್ 6ರಂದು ಇರಾನಿನ ಸಂಸತ್ತಾದ ಮಜ್ಲಿಸ್‌ನಲ್ಲಿ ಪತ್ರಿಕಾ ಕಾನೂನಿನ ತಿದ್ದುಪಡಿ ಚರ್ಚೆಗೆ ಬರಬೇಕಿತ್ತು. ಪತ್ರಿಕೆಗಳನ್ನು ಸಾಲುಸಾಲಾಗಿ ಮುಚ್ಚಿಸುತ್ತಿದ್ದ ಕಾನೂನನ್ನು ಸಡಿಲಿಸುವ ಉದ್ದೇಶ ಸುಧಾರಣಾವಾದಿಗಳದಾಗಿತ್ತು. ಸದನದಲ್ಲಿ ಬಹುಮತವೂ ಅವರದೇ. ಆದರೆ ಮಸೂದೆ ಕೈಬಿಡಬೇಕೆಂಬ ಸರ್ವೋಚ್ಚ ನಾಯಕ ಅಲಿ ಖಮೇನಿಯವರ ಪತ್ರ ಬಂತು. ಸಂವಿಧಾನದ ಪ್ರಕಾರ ನಾಯಕರ ಆದೇಶವೇ ಅಂತಿಮವೆಂದು ಹೇಳಿ ಸಭಾಧ್ಯಕ್ಷರು ಚರ್ಚೆಗೆ ತೆರೆ ಎಳೆದರು. ಸದಸ್ಯರು ಪ್ರತಿಭಟಿಸಿದರೂ ಅವರು ಜಗ್ಗಲಿಲ್ಲ. ಆ ಸಭಾಧ್ಯಕ್ಷರು ಸ್ವತಃ ಸುಧಾರಣಾವಾದಿ ಬಣದ ಮೆಹ್ದಿ ಕರೂಬಿ.

1937ರಲ್ಲಿ ಲೊರೆಸ್ತಾನ್ ಪ್ರಾಂತದಲ್ಲಿ ಜನಿಸಿದ ಕರೂಬಿ ಅಯಾತೊಲ್ಲಾ ಖೊಮೇನಿಯವರ ಶಿಷ್ಯ. ಶಾ ಆಡಳಿತದಲ್ಲಿ ಸೆರೆಮನೆ ಕಂಡವರು. 1979ರ ಕ್ರಾಂತಿಯ ನಂತರ ಹುತಾತ್ಮರ ಪ್ರತಿಷ್ಠಾನವನ್ನು ಮುನ್ನಡೆಸಿ, 1989ರಿಂದ 1992ರವರೆಗೆ ಮೊದಲ ಬಾರಿ ಸಭಾಧ್ಯಕ್ಷರಾದರು. ತಾವೇ ಗೋಡೆ ಎಬ್ಬಿಸಿದ ಮನೆಯ ಮೇಲಿನ ಮಮತೆ ಅವರಿಗೆ ಈ ವ್ಯವಸ್ಥೆಯ ಮೇಲಿತ್ತು. ಹಾಗೆಂದು ಅವರನ್ನು ಕೇವಲ ಆಜ್ಞಾಧಾರಕರೆನ್ನಲಾಗದು. ಸದನದ ಸದಸ್ಯರೊಬ್ಬರನ್ನು ಭಾಷಣದ ಕಾರಣಕ್ಕೆ ಜೈಲಿಗೆ ಅಟ್ಟಿದಾಗ, 2002ರ ಜನವರಿಯಲ್ಲಿ ಪೀಠ ಬಿಟ್ಟು ಹೊರನಡೆದು ಅವರ ಬಿಡುಗಡೆಗೆ ಕಾರಣರಾದವರೂ ಇವರೇ.

ಆ ನಂಬಿಕೆಗೆ ಬಿರುಕು ಬಿದ್ದದ್ದು 2005ರ ಅಧ್ಯಕ್ಷೀಯ ಚುನಾವಣೆಯಲ್ಲಿ. ವಯಸ್ಕರೆಲ್ಲರಿಗೂ ತಿಂಗಳಿಗೆ 50,000 ತೊಮಾನ್ ಕೊಡುವ ಅವರ ಭರವಸೆಯನ್ನು ನಗರದ ಬುದ್ಧಿಜೀವಿಗಳು ಗೇಲಿ ಮಾಡಿದ್ದರು. ಪ್ರಾಂತಗಳ ಬಡವರು ಮತ ನೀಡಿದರು. ಎಣಿಕೆಯಲ್ಲಿ ಮುಂದಿದ್ದ ತಾವು ಒಂದೆರಡು ತಾಸು ನಿದ್ರಿಸಿ ಎದ್ದಾಗ ಅಹಮದಿನೆಜಾದ್ ಮುಂದಾಗಿದ್ದರು ಎಂದು ಕರೂಬಿ ಬಹಿರಂಗವಾಗಿ ದೂರಿದರು. ಶೇ 17ರಷ್ಟು ಮತ ಗಳಿಸಿ ಮೂರನೆಯವರಾದ ಅವರು ಖಮೇನಿಯವರಿಗೆ ಪ್ರತಿಭಟನಾ ಪತ್ರ ಬರೆದು, ಹುದ್ದೆಗಳನ್ನು ತೊರೆದು, ಸ್ವಂತ ಪಕ್ಷವನ್ನೂ ಪತ್ರಿಕೆಯನ್ನೂ ಕಟ್ಟಿದರು.

2009ರಲ್ಲಿ ಮತ್ತೆ ಸ್ಪರ್ಧಿಸಿದಾಗ ಅಧಿಕೃತ ಲೆಕ್ಕದ ಪ್ರಕಾರ ಸಿಕ್ಕಿದ್ದು ಶೇ 1ಕ್ಕೂ ಕಡಿಮೆ ಮತ. ತಿರಸ್ಕೃತ ಮತಗಳೇ ಅದಕ್ಕಿಂತ ಹೆಚ್ಚು! ಜನ ಬೀದಿಗಿಳಿದರು, ಸಾವಿರಾರು ಮಂದಿ ಬಂಧಿತರಾದರು. ಸೆರೆಯಲ್ಲಿದ್ದ ಯುವಕ ಯುವತಿಯರ ಮೇಲೆ ಅತ್ಯಾಚಾರ ನಡೆದಿದೆ ಎಂಬ ದೂರುಗಳನ್ನು ತನಿಖೆ ಮಾಡುವಂತೆ ಕರೂಬಿ ರಫ್ಸಂಜಾನಿಯವರಿಗೆ ಪತ್ರ ಬರೆದು, ಅದನ್ನು ಬಹಿರಂಗಗೊಳಿಸಿದರು. ಬಿಳಿ ಪೇಟದ ಎಪ್ಪತ್ತೊಂದರ ಧರ್ಮಗುರುವೊಬ್ಬರು ಆ ಶಬ್ದವನ್ನು ಉಚ್ಚರಿಸಿದ್ದು ಆಳುವವರಿಗೆ ಯಾವ ಘೋಷಣೆಗಿಂತಲೂ ಕಠೋರವಾಗಿತ್ತು. ಆರೋಪವನ್ನು ನಿರಾಧಾರವೆಂದು ತಳ್ಳಿಹಾಕಿದರು. ಅದೇ ಆಗಸ್ಟ್‌ನಲ್ಲಿ ಅವರ ಪತ್ರಿಕೆ ಮುಚ್ಚಿತು. ಒಂಬತ್ತು ವರ್ಷ ಹಿಂದಿನ ಇನ್ನೊಂದು ಆಗಸ್ಟ್ ಅವರಿಗೆ ನೆನಪಾಗಿರಲಿಕ್ಕೂ ಸಾಕು.

ಈಜಿಪ್ಟ್ ಮತ್ತು ಟ್ಯುನೀಷಿಯಾಗಳ ಜನತೆಗೆ ಬೆಂಬಲವಾಗಿ ಮೆರವಣಿಗೆಗೆ ಕರೆ ಕೊಟ್ಟದ್ದೇ ನೆಪವಾಗಿ, 2011ರ ಫೆಬ್ರುವರಿಯಲ್ಲಿ ಅವರು ಗೃಹಬಂಧಿಯಾದರು. 2017ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಉಪವಾಸಕ್ಕೆ ಕುಳಿತಾಗ ಅವರು ಬಿಡುಗಡೆಯನ್ನು ಕೇಳಲಿಲ್ಲ. ಬಹಿರಂಗ ವಿಚಾರಣೆ ನಡೆಸಿ ಎಂದರು. ಕ್ರಾಂತಿ ಸ್ಥಾಪಿಸಿದ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವ ಹಕ್ಕನ್ನು ಕ್ರಾಂತಿಯ ಹಿರಿಯರೊಬ್ಬರು ಅನ್ನ ಬಿಟ್ಟು ಬೇಡಬೇಕಾಯಿತು. ಗೃಹಬಂಧನ ಕೊನೆಗೊಳ್ಳಲಿದೆ ಎಂಬ ಸುದ್ದಿ ಹೊರಬಿದ್ದದ್ದು 2025ರ ಮಾರ್ಚ್‌ನಲ್ಲಿ. ಆ ಹದಿನಾಲ್ಕು ವರ್ಷಗಳಲ್ಲಿ ವಿಚಾರಣೆ ಒಮ್ಮೆಯೂ ನಡೆಯಲಿಲ್ಲ.