ಜೀವವಿಲ್ಲದ ರೋಗಕಾರಕ: ಪ್ರಿಯಾನ್

1986ರಲ್ಲಿ ಬ್ರಿಟನ್ನಿನ ಹಸುಗಳಲ್ಲಿ ಹೊಸದೊಂದು ವ್ಯಾಧಿ ಪತ್ತೆಯಾಯಿತು. ರೋಗಗ್ರಸ್ತ ಪಶುಗಳು ಬೆದರುತ್ತಿದ್ದವು, ತೂರಾಡುತ್ತಿದ್ದವು, ಕೊನೆಗೆ ನಿಲ್ಲಲಾರದೆ ಕುಸಿಯುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ಅವುಗಳ ಮಿದುಳು ಸ್ಪಂಜಿನಂತೆ ರಂಧ್ರಮಯವಾಗಿ ಕಂಡಿತು. ಜನರು ಇದನ್ನು ‘ಹುಚ್ಚು ಹಸು ರೋಗ’ವೆಂದರು, ಹುಚ್ಚುನಾಯಿ ಕಡಿತದ ರೇಬೀಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಇದಕ್ಕೆ ಕಾರಣ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ನರಕೋಶಗಳಲ್ಲಿ ಸಹಜವಾಗಿಯೇ ಇರುವ ಒಂದು ಪ್ರೋಟೀನು ತಪ್ಪಾಗಿ ಮಡಿಚಿಕೊಂಡರೆ, ತನ್ನ ಸಂಪರ್ಕಕ್ಕೆ ಬಂದ ಅದೇ ಬಗೆಯ ಪ್ರೋಟೀನುಗಳನ್ನೂ ಆ ವಿಕೃತ ರೂಪಕ್ಕೆ ತಿರುಗಿಸುತ್ತದೆ. ಹನಿ ಹೆಪ್ಪು ಹಾಲನ್ನೆಲ್ಲ ಮೊಸರಾಗಿಸುವಂತೆ ಎನ್ನಬಹುದು. ಆದರೆ ಹೆಪ್ಪಿನಲ್ಲಿ ಜೀವಾಣುಗಳಿರುತ್ತವೆ, ಇಲ್ಲಿ ಜೀವವೇ ಇಲ್ಲ. ಕುದಿಸಿದರೂ ಇದು ನಾಶವಾಗದು. ಅಮೆರಿಕದ ಸ್ಟ್ಯಾನ್ಲಿ ಪ್ರೂಸಿನರ್ 1982ರಲ್ಲಿ ಇದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟಾಗ ನಂಬಿದವರು ವಿರಳ. 1997ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಹುಲ್ಲು ಮೇಯುವ ಪಶುವಿಗೆ ಪಶುಗಳದೇ ಮಾಂಸ, ಮೂಳೆಗಳ ಪುಡಿಯನ್ನು ತಿನ್ನಿಸಿದುದೇ ರೋಗ ಹರಡಲು ಮುಖ್ಯ ಕಾರಣ. 1988ರಲ್ಲಿ ಬ್ರಿಟನ್ ಇಂಥ ಮೇವನ್ನು ನಿಷೇಧಿಸಿತು. ಆದರೆ ರೋಗ ತಲೆದೋರಲು ನಾಲ್ಕೈದು ವರ್ಷಗಳು ಹಿಡಿಯುವುದರಿಂದ ಪಿಡುಗು ಕೂಡಲೇ ತಗ್ಗಲಿಲ್ಲ. ಒಟ್ಟು 1,80,000ಕ್ಕೂ ಹೆಚ್ಚು ಹಸುಗಳಲ್ಲಿ ಅದು ದೃಢಪಟ್ಟಿತು. ಕಲುಷಿತ ಗೋಮಾಂಸದ ಮೂಲಕ ಅದು ಮನುಷ್ಯರಿಗೂ ತಗಲಿರುವ ಸಂಭವವನ್ನು 1996ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಕೊಂಡಿತು. ಈ ರೋಗಕ್ಕೆ ಬ್ರಿಟನ್ನೊಂದರಲ್ಲೇ 178 ಮಂದಿ ಬಲಿಯಾದರು, ಬಹುಪಾಲು ಎಳೆಯ ಪ್ರಾಯದವರು. ಗುಣಪಡಿಸುವ ಚಿಕಿತ್ಸೆ ಇಂದಿಗೂ ಇಲ್ಲ.

ಸೋಂಕು ಮುಖ್ಯವಾಗಿ ಇರುವುದು ಪಶುವಿನ ಮಿದುಳು ಮತ್ತು ಮಿದುಳುಬಳ್ಳಿಗಳಲ್ಲಿ. ಹಾಲಿನಿಂದ ಈ ರೋಗ ಮನುಷ್ಯರಿಗೆ ಹರಡಿದುದಕ್ಕೆ ಆಧಾರ ದೊರೆತಿಲ್ಲ.