ಅಂಗಳಕ್ಕಿಳಿದ ಸೈನ್ಯ

ಗಡಿ ಕಾಯಲೆಂದು ಸಾಕಿದ ಸೈನ್ಯ ಮನೆಯಂಗಳಕ್ಕಿಳಿಯಬಹುದೇ? ಅಮೆರಿಕೆಗೆ ಈ ಪ್ರಶ್ನೆ ಹೊಸದಲ್ಲ. ಶಾಸನದ ಸ್ಪಷ್ಟ ಅನುಮತಿಯಿಲ್ಲದೆ ಸೈನ್ಯವು ಪೋಲೀಸರ ಕಾರ್ಯಕ್ಕೆ ಕೈಹಾಕಕೂಡದೆಂದು ೧೮೭೮ರಲ್ಲೇ ಅಲ್ಲಿ ಕಾಯಿದೆಯಾಯಿತು. ಅಂಥ ಅನುಮತಿಯ ಬಲದಿಂದ ೧೯೫೭ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಲಿಟಲ್ ರಾಕ್ ನಗರಕ್ಕೆ ಸೈನ್ಯವನ್ನಟ್ಟಿದಾಗ, ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಶಾಲೆಯ ಮೆಟ್ಟಿಲೇರಲು ಯೋಧರೇ ಬೆಂಗಾವಲಾದರು.

೨೦೨೫ರ ಜೂನಿನಲ್ಲಿ ವಲಸೆಗಾರರ ಬಂಧನವನ್ನು ಪ್ರತಿಭಟಿಸಿ ಲಾಸ್ ಏಂಜಲೀಸಿನ ಜನ ಬೀದಿಗಿಳಿದರು. ಕ್ಯಾಲಿಫೋರ್ನಿಯದ ಗವರ್ನರ್ ಬೇಡವೆಂದರೂ ಅಧ್ಯಕ್ಷ ಟ್ರಂಪ್ ಆ ರಾಜ್ಯದ್ದೇ ಸುಮಾರು ೪,೦೦೦ ನ್ಯಾಷನಲ್ ಗಾರ್ಡ್ ಭಟರನ್ನೂ ೭೦೦ ಮೆರೀನ್ ಯೋಧರನ್ನೂ ನಿಯೋಜಿಸಿದರು. ಇದರಿಂದ ೧೮೭೮ರ ಕಾಯಿದೆಯ ಉಲ್ಲಂಘನೆಯಾಯಿತೆಂದು ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರೊಬ್ಬರು ತೀರ್ಪಿತ್ತರು; ಸರ್ಕಾರ ಮೇಲ್ಮನವಿ ಸಲ್ಲಿಸಿತು.

ಗಾರ್ಡ್ ಭಟರು ಎಂದಿನ ದಿನಗಳಲ್ಲಿ ನೌಕರಿ, ವ್ಯಾಪಾರಗಳಲ್ಲಿ ಇರತಕ್ಕವರು. ಸಮವಸ್ತ್ರ ತೊಟ್ಟು ಬೀದಿಯಲ್ಲಿ ನಿಂತಾಗ ಅವರಿಗೆ ಎದುರಾದವರು ತಮ್ಮ ನೆರೆಹೊರೆಯವರೇ.